‘ಬರಹ’ ಮೊದಲು ಫ್ರೀ ಇತ್ತಲ್ಲ, ಈಗ ಯಾಕೆ ದುಡ್ಡು?

ಮುಂಬಯಿ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳ ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ ಆಮಂತ್ರಣ ಪತ್ರಿಕೆ, ವಾರ್ಷಿಕ ವರದಿ, ಸ್ಮರಣ ಸಂಚಿಕೆ ಎಲ್ಲದರಲ್ಲೂ ಕೈಹಿಡಿದದ್ದು ‘ಬರಹ’ ಮತ್ತು ‘ನುಡಿ’. ಒಬ್ಬರ ಸಿ.ಡಿ. ಹತ್ತು ಕೈ ದಾಟಿ ಡೊಂಬಿವಲಿಯಿಂದ ದಹಿಸರ್ ತನಕ ಹೋಗುತ್ತಿತ್ತು. ಲೈಸೆನ್ಸ್ ಓದಿದವರು ಯಾರೂ ಇರಲಿಕ್ಕಿಲ್ಲ. ‘ಐ ಅಗ್ರೀ’ ಒತ್ತಿ ಮುಂದೆ ಹೋದವರೇ ಎಲ್ಲ, ನಾನೂ ಸೇರಿ.

ನಾನು ಕೋಶಾಧಿಕಾರಿಯಾಗಿದ್ದ ಉಪನಗರದ ಸಂಘವೊಂದರಲ್ಲಿ ಸಂಚಿಕೆಯ ಕೆಲಸ ಅರ್ಧಕ್ಕೆ ಬಂದಾಗ ಹಳೆ ಕಂಪ್ಯೂಟರ್ ಕೆಟ್ಟಿತು. ಹೊಸದಕ್ಕೆ ‘ಬರಹ’ದ ಹೊಸ ಆವೃತ್ತಿ ಹಾಕಿದರೆ ಲೈಸೆನ್ಸ್ ಕೀ ಕೇಳಿತು. “ಮೊನ್ನೆವರೆಗೆ ಫ್ರೀ ಇತ್ತಲ್ಲ ಮಾರಾಯ್ರೇ, ಒಂದು ಕೀ ತೆಗೊಂಡು ನಾಲ್ಕು ಕಂಪ್ಯೂಟರಿಗೂ ಹಾಕಿಸುವ” ಎಂದರು ಕಾರ್ಯದರ್ಶಿಗಳು. ಹುಡುಗನೊಬ್ಬ ಕೀ ಇಲ್ಲದೆಯೇ ನಡೆಯುವ ಪ್ರತಿ ತರಲು ಸಿದ್ಧನಿದ್ದ. ವೋಚರಿನಲ್ಲಿ ಅದನ್ನು ಏನೆಂದು ಬರೆಯುವುದು?

ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವನ್ನು 1998ರಲ್ಲಿ ಹೊರತಂದು ವರ್ಷಗಟ್ಟಲೆ ಉಚಿತವಾಗಿ ಕೊಟ್ಟರು. 10ನೇ ಆವೃತ್ತಿಯ ಹೊತ್ತಿಗೆ ಅದಕ್ಕೆ ಬೆಲೆ ಬಂತು. 2022ರಲ್ಲಿ ಅವರು ತೀರಿಕೊಂಡಾಗ ಕಣ್ಣೀರಿಟ್ಟವರಲ್ಲಿ ಬೆಲೆಯ ಬಗ್ಗೆ ಗೊಣಗಿದವರೂ ಇದ್ದರು. ಉಚಿತವಾಗಿ ಕೊಟ್ಟ ಮಾತ್ರಕ್ಕೆ ಅವರು ಹಕ್ಕು ಬಿಟ್ಟುಕೊಟ್ಟಿರಲಿಲ್ಲ ಎಂಬುದು ನಮಗೆ ಹೊಳೆದಿರಲೇ ಇಲ್ಲ. ಹಳೆ ಠೇವಣಿಗೆ ಹಳೆ ಬಡ್ಡಿದರ, ಇಂದಿನ ಠೇವಣಿಗೆ ಇಂದಿನ ದರ ಇದ್ದ ಹಾಗೆ ಆಯಾ ಆವೃತ್ತಿಗೆ ಆಯಾ ಷರತ್ತು. ಇನ್ನೊಂದು ಮಾತು: ‘ಉಚಿತವಾಗಿ ಬಳಸಿ’ ಎಂದರೆ ‘ಪ್ರತಿ ಮಾಡಿ ಹಂಚಿ’ ಎಂದು ಅರ್ಥವಲ್ಲ. ಹಂಚಲು ಲೈಸೆನ್ಸಿನಲ್ಲಿ ಪ್ರತ್ಯೇಕ ಅನುಮತಿ ಇರಬೇಕು.

ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ ಕಳ್ಳಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನಗಳಿಂದ 3 ವರ್ಷ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಾಗಿ ಅಲ್ಲದಿದ್ದರೆ ನ್ಯಾಯಾಲಯ ಸೆರೆವಾಸ ಬಿಟ್ಟು 50 ಸಾವಿರದವರೆಗಿನ ದಂಡದಲ್ಲಿ ಮುಗಿಸಬಹುದು. ನಮ್ಮಂಥ ಸಂಘಕ್ಕೆ ಅಷ್ಟೇ ಸಾಕಲ್ಲ!

ಬೇರೆ ದಾರಿ ಹಿಡಿದವರೂ ಉಂಟು. ಹಿಂದೆ ಇಲ್ಲೇ ಟಾಟಾ ಪ್ರೆಸ್‌ನಲ್ಲಿ ದುಡಿದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ತಾವು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸಕ್ಕೆ ಹಣ ಕೇಳಲಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ನಾವು ಒತ್ತುವುದು ಅದೇ ವಿನ್ಯಾಸವನ್ನು. ‘ಗುಬ್ಬಿ’, ‘ನವಿಲು’ ಫಾಂಟುಗಳು ಮುಕ್ತ ಲೈಸೆನ್ಸಿನವು. ಇವನ್ನು ಹಂಚಬಹುದು, ತಿದ್ದಲೂಬಹುದು. ಅಂಥ ಲೈಸೆನ್ಸಿನಲ್ಲಿ ಒಮ್ಮೆ ಪಡೆದ ಪ್ರತಿಯನ್ನು ಮುಂದೆ ಬೆಲೆ ಬಂದರೂ ಯಾರೂ ಕಸಿದುಕೊಳ್ಳುವಂತಿಲ್ಲ.

ಕೊನೆಗೆ ಸಮಿತಿಯಲ್ಲಿ ಒಂದು ಗಂಟೆ ವಾದವಾಗಿ, ಒಂದು ಲೈಸೆನ್ಸ್ ಖರೀದಿ, ಉಳಿದ ಮೂರಕ್ಕೆ ಯೂನಿಕೋಡ್ ಎಂದು ಠರಾವಾಯಿತು. ರಶೀದಿ ಫೈಲಿನಲ್ಲಿದೆ. ಹಳೆ ಸಂಚಿಕೆಗಳ ಕಡತಗಳನ್ನೂ ಯೂನಿಕೋಡಿಗೆ ಬದಲಾಯಿಸುತ್ತಿದ್ದೇವೆ. ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಕೈಕೊಡುತ್ತವೆ. ತೀರಿಹೋದ ಹಿರಿಯ ಸದಸ್ಯರ ಲೇಖನಗಳು ಅದರಲ್ಲಿವೆ, ಬೇರೆ ಪ್ರತಿ ಇಲ್ಲ. ಆದ್ದರಿಂದ ಪ್ರತಿ ಭಾನುವಾರ ಮೂವರು ಕುಳಿತು ಪ್ರೂಫ್ ನೋಡುತ್ತಿದ್ದೇವೆ. ಎರಡು ಸಂಚಿಕೆ ಮುಗಿದಿದೆ, ಹನ್ನೊಂದು ಬಾಕಿ.