ಹೊಸ ನೀರಿಗೆ ಅನಿಮೋನ್ ಒಗ್ಗುವ ಬಗೆ

ಸೀ ಅನಿಮೋನ್ ಹವಳ ಹಾಗೂ ಅಂಬಲಿಮೀನುಗಳ ಬಳಗಕ್ಕೆ, ಅಂದರೆ ನೈಡೇರಿಯ ಎಂಬ ವಂಶಕ್ಕೆ ಸೇರಿದ, ಮೂಳೆಯಾಗಲಿ ಚಿಪ್ಪಾಗಲಿ ಇಲ್ಲದ ಮೆತ್ತನೆಯ ಪ್ರಾಣಿ. ಅದರ ದೇಹ ಒಂದು ಟೊಳ್ಳು ಕಂಬದ ಆಕಾರದಲ್ಲಿದ್ದು, ಕೆಳತುದಿಯಲ್ಲಿ ಬಂಡೆಯನ್ನು ಹಿಡಿದುಕೊಳ್ಳುವ ಚಪ್ಪಟೆಯಾದ ಪಾದ, ಮೇಲ್ತುದಿಯಲ್ಲಿ ಬಾಯಿ, ಬಾಯಿಯ ಸುತ್ತ ಬೇಟೆಯನ್ನು ಕುಟುಕಿ ಹಿಡಿಯುವ ಕರಬಳ್ಳಿಗಳು ಇರುತ್ತವೆ. ಆಹಾರ ಒಳಹೋಗುವುದೂ ಕಸ ಹೊರಬರುವುದೂ ಆ ಒಂದೇ ಬಾಯಿಯಿಂದ. ಸಾವಿರಕ್ಕೂ ಹೆಚ್ಚಿರುವ ಅನಿಮೋನ್ ಪ್ರಭೇದಗಳಲ್ಲಿ ಕ್ಲೌನ್ ಮೀನುಗಳಿಗೆ ಆಶ್ರಯ ಕೊಡುವವು ಹತ್ತರಷ್ಟು ಮಾತ್ರ. ಮನೆಯ ಅಕ್ವೇರಿಯಂಗೆ ಅವುಗಳಲ್ಲಿ ಹೆಚ್ಚಾಗಿ ಬಂದು ಸೇರುವುದು, ಕರಬಳ್ಳಿಗಳ ತುದಿ ಗುಳ್ಳೆಯಂತೆ ಉಬ್ಬುವ ಕಾರಣಕ್ಕೆ ವ್ಯಾಪಾರದಲ್ಲಿ ಬಬಲ್-ಟಿಪ್ ಎನಿಸಿಕೊಂಡಿರುವ ಎಂಟಾಕ್ಮಿಯಾ ಕ್ವಾಡ್ರಿಕಲರ್ ಎಂಬ ಪ್ರಭೇದ. ಅಂಗಡಿಯಿಂದ ತಂದ ಮೊದಲ ಕೆಲವು ವಾರಗಳಲ್ಲೇ ಹಲವು ಅನಿಮೋನ್‌ಗಳು ಸಾಯುತ್ತವೆ. ಈ ಪ್ರಾಣಿಯ ಒಳಗೆ ಏನು ನಡೆಯುತ್ತದೆಂಬುದನ್ನು ಅರಿಯದೆ, ಮೀನಿಗೆ ಅನ್ವಯಿಸುವ ಕ್ರಮವನ್ನೇ ಇದಕ್ಕೂ ಅನ್ವಯಿಸುವುದು ಅಂಥ ಸಾವುಗಳಿಗೆ ಒಂದು ಮುಖ್ಯ ಕಾರಣ.

ಮೀನಿಗೂ ಅನಿಮೋನ್‌ಗೂ ಇರುವ ವ್ಯತ್ಯಾಸ ಉಪ್ಪಿನ ವಿಷಯದಲ್ಲಿ ಎದ್ದು ಕಾಣುತ್ತದೆ. ಕಡಲ ಮೀನಿನ ರಕ್ತದಲ್ಲಿರುವ ಲವಣಾಂಶ ಸುತ್ತಲಿನ ನೀರಿನಲ್ಲಿರುವುದರ ಮೂರನೇ ಒಂದು ಭಾಗದಷ್ಟು ಮಾತ್ರ; ಕಿವಿರು ಮತ್ತು ಮೂತ್ರಪಿಂಡಗಳ ಮೂಲಕ ಮೀನು ಈ ಅಂತರವನ್ನು ಸತತವಾಗಿ ಕಾಯ್ದುಕೊಳ್ಳುವುದರಿಂದ ಹೊರಗಿನ ನೀರು ತುಸು ಬದಲಾದರೂ ಅದರ ಒಳಗಿನ ಸ್ಥಿತಿ ಕೂಡಲೇ ಕೆಡುವುದಿಲ್ಲ. ಅನಿಮೋನ್‌ಗೆ ಕಿವಿರೂ ಇಲ್ಲ, ಮೂತ್ರಪಿಂಡವೂ ಇಲ್ಲ, ರಕ್ತವೂ ಇಲ್ಲ. ಅದರ ಹೊಟ್ಟೆಯ ಕುಹರದಲ್ಲಿ ತುಂಬಿರುವುದು ಸಮುದ್ರದ ನೀರೇ. ಬಾಯಿಯ ಅಂಚಿನಲ್ಲಿರುವ ಒಂದು ತೋಡಿನಲ್ಲಿ ಸೂಕ್ಷ್ಮ ರೋಮಗಳು ಬಡಿಯುತ್ತ ಆ ನೀರನ್ನು ಒಳಕ್ಕೆ ತಳ್ಳುತ್ತವೆ, ಹಾಗೆ ತುಂಬಿಕೊಂಡ ನೀರಿನ ಒತ್ತಡವೇ ಮೂಳೆಯ ಕೆಲಸ ಮಾಡಿ ದೇಹವನ್ನು ನೆಟ್ಟಗೆ ನಿಲ್ಲಿಸುತ್ತದೆ. ತೆಳುವಾದ ಎರಡು ಕೋಶಪದರಗಳ ಒಳಗೂ ಹೊರಗೂ ಇರುವುದು ಒಂದೇ ನೀರಾದ್ದರಿಂದ, ಜೀವಕೋಶಗಳ ಒಳಗಿನ ದ್ರವದ ಸಾಂದ್ರತೆಯೂ ಹೊರಗಿನದಕ್ಕೆ ಸಮನಾಗಿಯೇ ಇರಬೇಕಾಗುತ್ತದೆ. ಹೊರಗಿನ ನೀರಿನಲ್ಲಿ ಉಪ್ಪು ಥಟ್ಟನೆ ಹೆಚ್ಚಾದರೆ ಕೋಶಗಳಿಂದ ನೀರು ಹೊರಹೋಗಿ ಅವು ಕುಗ್ಗುತ್ತವೆ, ಕಡಿಮೆಯಾದರೆ ನೀರು ಒಳನುಗ್ಗಿ ಉಬ್ಬುತ್ತವೆ. ಸಾಂದ್ರತೆ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಪೊರೆಯ ಮೂಲಕ ನೀರು ಹೀಗೆ ಹರಿಯುವುದನ್ನೇ ಅಭಿಸರಣೆ ಎನ್ನುತ್ತಾರೆ. ಕೋಶದೊಳಗಿನ ಅಮೈನೊ ಆಮ್ಲಗಳಂಥ ಸಣ್ಣ ಅಣುಗಳನ್ನು ಹೆಚ್ಚು ಕಡಿಮೆ ಮಾಡಿಕೊಂಡು ಅನಿಮೋನ್ ಹೊಸ ಸಾಂದ್ರತೆಗೆ ಸರಿಹೊಂದಬಲ್ಲದು. ಆದರೆ ಅದಕ್ಕೆ ಸಮಯ ಬೇಕು.

ಎಲ್ಲ ಅನಿಮೋನ್‌ಗಳಿಗೂ ಈ ಸಾಮರ್ಥ್ಯ ಒಂದೇ ಪ್ರಮಾಣದಲ್ಲಿ ಇಲ್ಲ. ಕರಾವಳಿಯ ಬಂಡೆಗಳ ನಡುವೆ, ಇಳಿತದ ವೇಳೆ ನಿಲ್ಲುವ ಹೊಂಡಗಳಲ್ಲಿ ಬದುಕುವ ಪ್ರಭೇದಗಳು ಮಧ್ಯಾಹ್ನದ ಬಿಸಿಲಿಗೆ ನೀರು ಕಾದು ಉಪ್ಪೇರುವುದನ್ನೂ, ಮಳೆ ಸುರಿದು ಅದೇ ನೀರು ಸಪ್ಪೆಯಾಗುವುದನ್ನೂ ತಾಳಿಕೊಳ್ಳಬೇಕು. ಕರ್ನಾಟಕದ ಕರಾವಳಿಯಲ್ಲಂತೂ ಮುಂಗಾರಿನ ತಿಂಗಳುಗಳಲ್ಲಿ ಘಟ್ಟದಿಂದಿಳಿದ ನದಿಗಳು ದಡದಂಚಿನ ಕಡಲನ್ನು ಗಣನೀಯವಾಗಿ ಸಪ್ಪೆಗೊಳಿಸುತ್ತವೆ. ಅಂಥ ದಂಡೆವಾಸಿ ಅನಿಮೋನ್‌ನ ತಾಳಿಕೆಗೆ ಪ್ರಸಿದ್ಧವಾದ ನಿದರ್ಶನವೊಂದು ಸ್ಕಾಟ್‌ಲೆಂಡಿನಲ್ಲಿದೆ. ಸರ್ ಜಾನ್ ಗ್ರಹಾಂ ಡ್ಯಾಲಿಯೆಲ್ ಎಂಬ ನಿಸರ್ಗವಿಜ್ಞಾನಿ 1828ರಲ್ಲಿ ನಾರ್ತ್ ಬೆರ್ವಿಕ್‌ನ ದಡದಿಂದ ತಂದ ಆಕ್ಟಿನಿಯಾ ಇಕ್ವಿನಾ ಪ್ರಭೇದದ ಒಂದು ಅನಿಮೋನ್, ಪಂಪು, ದೀಪ ಏನೂ ಇಲ್ಲದ ಗಾಜಿನ ಜಾಡಿಯಲ್ಲಿ, 1851ರಲ್ಲಿ ಆತ ತೀರಿಕೊಂಡ ಮೇಲೂ ಕೈಯಿಂದ ಕೈಗೆ ದಾಟುತ್ತ, ನೂರಾರು ಮರಿಗಳನ್ನು ಹಾಕುತ್ತ, 1887ರವರೆಗೆ ಎಡಿನ್‌ಬರೋದಲ್ಲಿ ಬದುಕಿತ್ತು. ಜನ ಅದನ್ನು ಅಕ್ಕರೆಯಿಂದ 'ಗ್ರಾನಿ' ಎಂದು ಕರೆಯುತ್ತಿದ್ದರು. ಅನಿಮೋನ್‌ಗೆ ಸ್ವಭಾವತಃ ಎಷ್ಟು ದೀರ್ಘವಾದ ಆಯುಸ್ಸಿದೆ ಎಂಬುದನ್ನು ಈ ನಿದರ್ಶನ ತೋರಿಸುತ್ತದೆಯಾದರೂ, ಇದನ್ನು ನೆಚ್ಚಿ ಹವಳದ ದಿಬ್ಬಗಳ ಅನಿಮೋನ್‌ಗಳೂ ಅಷ್ಟೇ ಗಟ್ಟಿ ಎಂದು ಭಾವಿಸಲಾಗದು. ಹವಳದ ದಿಬ್ಬದಲ್ಲಿ ವರ್ಷವಿಡೀ ಲವಣಾಂಶ ಕಿಲೋಗ್ರಾಂ ನೀರಿಗೆ 35 ಗ್ರಾಂನ ಆಸುಪಾಸಿನಲ್ಲೇ ಇರುತ್ತದೆ, ತಾಪಮಾನವೂ ನಿಧಾನವಾಗಿಯೇ ಏರಿಳಿಯುತ್ತದೆ. ಬಬಲ್-ಟಿಪ್ ಬೆಳೆದು ಬಂದಿರುವುದು ಅಂಥ ಸ್ಥಿರತೆಯಲ್ಲಿ.

ಹೀಗಿರುವಾಗ ಪೊಟ್ಟಣ ಬಿಚ್ಚಿದ ಕೂಡಲೇ ಆಗಬೇಕಾದ ಮೊದಲ ಕೆಲಸ ಅಳತೆ. 35 ಗ್ರಾಂ ಲವಣಾಂಶವಿರುವ ನೀರಿನ ಸಾಪೇಕ್ಷ ಸಾಂದ್ರತೆ, ಅಂದರೆ ಶುದ್ಧ ನೀರಿಗೆ ಹೋಲಿಸಿದಾಗ ಅದರ ತೂಕದ ಅನುಪಾತ, ಸುಮಾರು 1.026. ಮೀನುಗಳ ಪರೋಪಜೀವಿಗಳನ್ನು ಹತೋಟಿಯಲ್ಲಿಡಲೆಂದೋ ಉಪ್ಪಿನ ಖರ್ಚು ಉಳಿಸಲೆಂದೋ ಕೆಲವು ಅಂಗಡಿಗಳು ಇದನ್ನು 1.020ರ ಹತ್ತಿರಕ್ಕೆ ಇಳಿಸಿಟ್ಟಿರುತ್ತವೆ. ಲವಣಾಂಶದ ಲೆಕ್ಕದಲ್ಲಿ ಅದು ಸುಮಾರು 27 ಗ್ರಾಂ. ಈ ಅಂತರ ಕಣ್ಣಿಗೆ ಕಾಣದು. ರಿಫ್ರಾಕ್ಟೋಮೀಟರ್ ಎಂಬ ಕೈಯಳತೆಯ ಉಪಕರಣದ ಓರೆಗಾಜಿನ ಮೇಲೆ ಪೊಟ್ಟಣದ ಎರಡು ಹನಿ ನೀರು ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ನೋಡಿದರೆ, ಮೇಲೆ ನೀಲಿ, ಕೆಳಗೆ ಬಿಳಿ ಆಗಿರುವ ವೃತ್ತದೊಳಗೆ ಎರಡು ಬಣ್ಣಗಳೂ ಕೂಡುವ ಗೆರೆ ಯಾವ ಅಂಕಿಯ ಮೇಲೆ ನಿಂತಿದೆಯೋ ಅದೇ ಆ ನೀರಿನ ಲವಣಾಂಶ. ಟ್ಯಾಂಕಿನ ನೀರನ್ನೂ ಹಾಗೆಯೇ ನೋಡಿ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡ ಮೇಲಷ್ಟೇ ಎಷ್ಟು ಹೊತ್ತು ಒಗ್ಗಿಸಬೇಕೆಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಎಲ್ಲ ಸಂದರ್ಭಕ್ಕೂ ಒಂದು ಗಂಟೆ, ಎರಡು ಗಂಟೆ ಎಂದು ಗಡಿಯಾರ ನೋಡಿ ವಿಧಿಸುವ ನಿಯಮಕ್ಕೆ ಆಧಾರವಿಲ್ಲ.

ಅಂತರವಿದ್ದರೆ ಬಳಸುವ ಉಪಾಯ ಹನಿ ಕ್ರಮ. ಪೊಟ್ಟಣವನ್ನು ಹದಿನೈದು ಇಪ್ಪತ್ತು ನಿಮಿಷ ಟ್ಯಾಂಕಿನ ನೀರಿನ ಮೇಲೆ ತೇಲಿಬಿಟ್ಟು ತಾಪಮಾನ ಸಮವಾದ ಮೇಲೆ, ಅನಿಮೋನ್ ಅನ್ನು ಅದರ ನೀರಿನ ಸಮೇತ ಶುಭ್ರವಾದ ಬಕೆಟ್ಟಿಗೆ ಇಳಿಸಿ, ಗಾಳಿಪಂಪಿಗೆ ಬಳಸುವ ಸಣ್ಣ ಕೊಳವೆಯೊಂದರ ತುದಿಗೆ ಸಡಿಲವಾದ ಗಂಟು ಹಾಕಿ, ಟ್ಯಾಂಕಿನಿಂದ ಸೆಕೆಂಡಿಗೆ ಎರಡು ಮೂರು ಹನಿ ಬೀಳುವಂತೆ ಮಾಡಲಾಗುತ್ತದೆ. ನೀರು ಇಮ್ಮಡಿಯಾದಾಗ ಅರ್ಧ ಚೆಲ್ಲಿ ಮತ್ತೆ ಹನಿ ಮುಂದುವರಿಸಿ, ಬಕೆಟ್ಟಿನ ಲವಣಾಂಶ ಟ್ಯಾಂಕಿನದಕ್ಕೆ ಸಮನಾಗುವವರೆಗೆ ಕಾಯಬೇಕು.

ಆದರೆ ಇಷ್ಟು ಸೌಮ್ಯವಾಗಿ ಕಾಣುವ ಈ ಕ್ರಮವೇ ಕೆಲವೊಮ್ಮೆ ಪ್ರಾಣಿಗೆ ಮುಳುವಾಗುತ್ತದೆ. ಅದರ ಹಿಂದಿನ ರಸಾಯನವನ್ನು ತುಸು ವಿವರವಾಗಿ ನೋಡಬೇಕು. ಅನಿಮೋನ್ ಉಸಿರಾಡುತ್ತ ಇಂಗಾಲದ ಡೈಆಕ್ಸೈಡನ್ನೂ, ಆಹಾರದಲ್ಲಿನ ಪ್ರೋಟೀನು ಒಡೆದಾಗ ಅಮೋನಿಯವನ್ನೂ ನೀರಿಗೆ ಬಿಡುತ್ತದೆ. ಕಡಲಿನಲ್ಲಿ ಇವೆರಡನ್ನೂ ಬಹುಮಟ್ಟಿಗೆ ಅದರ ಅಂಗಾಂಶದಲ್ಲೇ ಬದುಕುವ ಸೂಕ್ಷ್ಮ ಶೈವಲಗಳು ಹೀರಿಕೊಳ್ಳುತ್ತವೆ. ಕತ್ತಲ ಪೆಟ್ಟಿಗೆಯಲ್ಲಿರುವ ಪೊಟ್ಟಣದೊಳಗೆ ಬೆಳಕಿಲ್ಲದ್ದರಿಂದ ಆ ಕೆಲಸ ನಿಂತುಹೋಗುವುದಷ್ಟೇ ಅಲ್ಲ, ಶೈವಲಗಳೂ ಆಮ್ಲಜನಕವನ್ನು ಬಳಸತೊಡಗುತ್ತವೆ. ಇಂಗಾಲದ ಡೈಆಕ್ಸೈಡ್ ಕೂಡಿಕೊಂಡಂತೆ ನೀರಿನ ಪಿಎಚ್, ಅಂದರೆ ಆಮ್ಲೀಯತೆಯನ್ನು ಸೂಚಿಸುವ ಅಂಕಿ, ಕಡಲಿನ ಸಹಜವಾದ 8.1 ಅಥವಾ 8.2ರಿಂದ ಕೆಳಗಿಳಿಯುತ್ತದೆ. ಪಿಎಚ್ ಇಳಿದಾಗ ಅಮೋನಿಯದ ಬಹುಪಾಲು ಅಮೋನಿಯಂ ಎಂಬ ವಿದ್ಯುದಾವೇಶವುಳ್ಳ ರೂಪದಲ್ಲಿರುತ್ತದೆ. ಅದು ಕೋಶದ ಪೊರೆಯನ್ನು ಸುಲಭವಾಗಿ ದಾಟಲಾರದ್ದರಿಂದ ಹೆಚ್ಚು ಅಪಾಯವಿಲ್ಲ. ಪೊಟ್ಟಣ ಬಿಚ್ಚಿ ಗಾಳಿಯಾಡಿದೊಡನೆ ಡೈಆಕ್ಸೈಡ್ ಹಾರಿಹೋಗುತ್ತದೆ, ಹನಿಹನಿಯಾಗಿ ಸೇರುವ ಟ್ಯಾಂಕಿನ ನೀರು ಪಿಎಚ್ ಅನ್ನು ಇನ್ನಷ್ಟು ಏರಿಸುತ್ತದೆ, ಅಲ್ಲಿಯವರೆಗೆ ನಿರಪಾಯವಾಗಿದ್ದ ಅಮೋನಿಯಂ ವಿಷಕಾರಿ ಅಮೋನಿಯವಾಗಿ ಮಾರ್ಪಡುತ್ತದೆ; ಪಿಎಚ್ ಒಂದು ಅಂಕಿ ಏರಿದರೆ ವಿಷರೂಪದ ಪ್ರಮಾಣ ಹತ್ತುಪಟ್ಟಿನ ಹತ್ತಿರಕ್ಕೆ ಹೆಚ್ಚುತ್ತದೆ. ಅಂದರೆ ಗಂಟೆಗಟ್ಟಲೆ ಸಾಗುವ ಆ ತಾಳ್ಮೆಯ ಹನಿಯುದ್ದಕ್ಕೂ ಪ್ರಾಣಿ ತನ್ನದೇ ವಿಸರ್ಜನೆಯ ವಿಷದಲ್ಲಿ ಮುಳುಗಿರುತ್ತದೆ.

ಅದೇ ಊರಿನ ಅಂಗಡಿಯಿಂದ ಒಂದು ಗಂಟೆಯೊಳಗೆ ಮನೆ ತಲುಪಿದ ಅನಿಮೋನ್‌ಗೆ ಈ ಭಯವಿಲ್ಲ. ಚೆನ್ನೈನಿಂದಲೋ ಮುಂಬೈಯಿಂದಲೋ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿನಂಥ ಒಳನಾಡಿನ ನಗರಕ್ಕೆ ಬಂದ ಪೊಟ್ಟಣದ ಸಂಗತಿ ಬೇರೆ. ಅಂಥಲ್ಲಿ ಉಪ್ಪಿನ ಬೇಡಿಕೆಯನ್ನೂ ಅಮೋನಿಯದ ಅಪಾಯವನ್ನೂ ಒಟ್ಟಿಗೆ ನಿಭಾಯಿಸುವ ದಾರಿಯೊಂದಿದೆ: ಪೊಟ್ಟಣದ ನೀರಿನಷ್ಟೇ ಲವಣಾಂಶ ಮತ್ತು ತಾಪಮಾನವಿರುವ ಹೊಸ ಉಪ್ಪುನೀರನ್ನು ಪಕ್ಕದಲ್ಲಿ ಸಿದ್ಧಪಡಿಸಿ, ಬಿಚ್ಚಿದ ಕೂಡಲೇ ಪ್ರಾಣಿಯನ್ನು ಮಾತ್ರ ಅದಕ್ಕೆ ದಾಟಿಸಿ, ಹನಿ ಕ್ರಮವನ್ನು ಆ ಶುಭ್ರ ನೀರಿನಿಂದಲೇ ಆರಂಭಿಸುವುದು. ಮಾರುವವರಿಂದ ಲವಣಾಂಶವನ್ನು ಮೊದಲೇ ಕೇಳಿ ತಿಳಿದುಕೊಂಡರೆ ಈ ಸಿದ್ಧತೆ ಸುಲಭ. ಪೊಟ್ಟಣದ ನೀರನ್ನಂತೂ ಯಾವ ಸಂದರ್ಭದಲ್ಲೂ ಟ್ಯಾಂಕಿಗೆ ಸುರಿಯಬಾರದು. ಮೀನಿನ ರೋಗಕ್ಕೆಂದು ಅಂಗಡಿಗಳಲ್ಲಿ ಬಳಸುವ ತಾಮ್ರದ ಔಷಧ ಅದರಲ್ಲಿರಬಹುದು. ಮೀನು ಸಹಿಸುವ ತಾಮ್ರದ ಪ್ರಮಾಣವೂ ಅಕಶೇರುಕಗಳಿಗೆ, ಅಂದರೆ ಬೆನ್ನುಮೂಳೆಯಿಲ್ಲದ ಪ್ರಾಣಿಗಳಿಗೆ, ಮಾರಕ.

ದಾಟಿಸುವಾಗ ಎಲ್ಲಕ್ಕಿಂತ ಹೆಚ್ಚು ಜೋಪಾನ ಮಾಡಬೇಕಾದದ್ದು ಪಾದವನ್ನು. ಬಂಡೆಯನ್ನೋ ಗಾಜನ್ನೋ ಬಿಗಿಯಾಗಿ ಹಿಡಿದ ಪಾದವನ್ನು ಅವಸರದಲ್ಲಿ ಕಿತ್ತರೆ ಆಗುವ ಹರಕು, ಹೊರನೋಟಕ್ಕೆ ಅಲ್ಪವೆನಿಸಿದರೂ, ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದಂತೆ. ಹಾಗೆ ಸೋಂಕು ತಗುಲಿದ ಅನಿಮೋನ್ ಕೆಲವೇ ದಿನಗಳಲ್ಲಿ ಕರಗತೊಡಗುತ್ತದೆ. ಸಾಧ್ಯವಾದರೆ ಅದು ಹಿಡಿದಿರುವ ಕಲ್ಲಿನ ಸಮೇತ ಕೊಳ್ಳುವುದೇ ಉತ್ತಮ. ಕೊಳ್ಳುವ ಮುನ್ನ ನೋಡಬೇಕಾದ ಗುರುತುಗಳೂ ಕೆಲವಿವೆ. ಬಾಯಿ ಮುಚ್ಚಿರಬೇಕು, ಕರಬಳ್ಳಿ ಬೆರಳಿಗೋ ಆಹಾರದ ತುಣುಕಿಗೋ ಅಂಟಬೇಕು, ಮೈ ಕಂದು ಅಥವಾ ಹಸಿರು ಛಾಯೆಯಲ್ಲಿರಬೇಕು. ಹಾಲಿನಂತೆ ಬೆಳ್ಳಗಿರುವ ಅನಿಮೋನ್ ಅಪರೂಪದ್ದೆಂದು ಹೆಚ್ಚಿನ ಬೆಲೆಗೆ ಮಾರಾಟವಾಗುವುದುಂಟು. ವಾಸ್ತವದಲ್ಲಿ ಅದು ತನ್ನ ಶೈವಲಗಳನ್ನು ಕಳೆದುಕೊಂಡು ಹಸಿದಿರುವ ಪ್ರಾಣಿ. ಕಣ್ಣು ಕುಕ್ಕುವ ಹಳದಿಯದು ಅಂಥದ್ದಕ್ಕೇ ಬಣ್ಣ ಹಾಕಿದ್ದೂ ಆಗಿರಬಹುದು.

ಉಪ್ಪಿನ ಮಾತು ಗಂಟೆಗಳಲ್ಲಿ ಮುಗಿದರೆ ಬೆಳಕಿನ ಮಾತು ವಾರಗಳದ್ದು. ಬಬಲ್-ಟಿಪ್‌ಗೆ ಬೇಕಾದ ಶಕ್ತಿಯ ದೊಡ್ಡ ಪಾಲು ಬರುವುದು ಒಳಗಿನ ಶೈವಲಗಳು ನಡೆಸುವ ದ್ಯುತಿಸಂಶ್ಲೇಷಣೆಯಿಂದ. ಅಂಗಡಿಯ ಮಂದ ದೀಪದಡಿ ದಿನಗಟ್ಟಲೆ ಇದ್ದ ಶೈವಲಗಳು ಸಿಕ್ಕಷ್ಟು ಬೆಳಕನ್ನು ಹಿಡಿಯಲೆಂದು ವರ್ಣಕಗಳನ್ನು ಹೆಚ್ಚಿಸಿಕೊಂಡಿರುತ್ತವೆ. ಅಂಥವನ್ನು ಪ್ರಖರವಾದ ಎಲ್‌ಇಡಿ ದೀಪದ ಕೆಳಗೆ ಒಮ್ಮೆಲೇ ಇಟ್ಟರೆ, ಬಳಸಲಾರದಷ್ಟು ಬೆಳಕಿನ ಶಕ್ತಿ ಒಳಸೇರಿ ಆಮ್ಲಜನಕದ ತೀವ್ರ ಕ್ರಿಯಾಶೀಲ ರೂಪಗಳು ಹುಟ್ಟುತ್ತವೆ. ಅಂಗಾಂಶಕ್ಕೇ ಹಾನಿ ಮಾಡುವ ಈ ವಸ್ತುಗಳಿಂದ ಪಾರಾಗಲು ಅನಿಮೋನ್ ತನ್ನ ಶೈವಲಗಳನ್ನೇ ಹೊರಹಾಕುತ್ತದೆ. ಹವಳಗಳು ಬಿಳುಚಿಕೊಳ್ಳುವುದೂ ಇದೇ ರೀತಿಯಲ್ಲಿ. ಆದ್ದರಿಂದ ಮೊದಲ ದಿನಗಳಲ್ಲಿ ದೀಪದ ತೀವ್ರತೆಯನ್ನು ಚೆನ್ನಾಗಿ ತಗ್ಗಿಸಿ, ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಏರಿಸಬೇಕು. ಹನಿಗಳನ್ನು ಎಣಿಸುವುದರಲ್ಲಿ ತೋರುವ ಶ್ರದ್ಧೆಯ ಅರ್ಧದಷ್ಟನ್ನಾದರೂ ದೀಪದ ವಿಷಯದಲ್ಲಿ ತೋರಿದರೆ ಎಷ್ಟೋ ಅನಿಮೋನ್‌ಗಳು ಉಳಿಯುತ್ತವೆ.

ಟ್ಯಾಂಕಿಗೆ ಇಳಿದ ಅನಿಮೋನ್ ಇಟ್ಟ ಜಾಗದಲ್ಲೇ ಇರುವುದೆಂದು ನಿರೀಕ್ಷಿಸುವಂತಿಲ್ಲ. ಬಬಲ್-ಟಿಪ್ ಪಾದವನ್ನು ಕತ್ತಲ ಬಿರುಕಿನಲ್ಲಿ ಹುದುಗಿಸಿ, ಕರಬಳ್ಳಿಗಳನ್ನು ಬೆಳಕಿಗೆ ಚಾಚಬಲ್ಲ ಎಡೆಯನ್ನು ಹುಡುಕುತ್ತ ಪಾದದ ಮೇಲೇ ತೆವಳುತ್ತದೆ. ಮರಳಿನಲ್ಲಿ ಹುದುಗುವ ಸ್ಟೈಕೊಡ್ಯಾಕ್ಟೈಲ ಹದ್ದೋನಿಯಂಥ ಕಾರ್ಪೆಟ್ ಅನಿಮೋನ್‌ಗೆ ಬೇಕಾದುದು ಬೇರೆಯೇ ನೆಲೆ. ಪಾದ ಊರುವವರೆಗೆ ಪಂಪುಗಳನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು, ಅಲೆದಾಟ ಮುಗಿಯುವವರೆಗೆ ಪಂಪಿನ ಬಾಯಿಗೆ ಸ್ಪಂಜನ್ನೋ ಬಲೆಯನ್ನೋ ಕಟ್ಟುವುದು ಅಗತ್ಯ. ಪಂಪಿಗೆ ಸಿಲುಕಿ ಛಿದ್ರವಾದ ಅನಿಮೋನ್ ತಾನು ಸಾಯುವುದಲ್ಲದೆ ನೀರನ್ನೆಲ್ಲ ಕೆಡಿಸಿ ಮೀನುಗಳನ್ನೂ ಕೊಲ್ಲಬಲ್ಲದು. ಈ ದಿನಗಳಲ್ಲಿ ಅದು ಆಗಾಗ ಒಳಗಿನ ನೀರನ್ನೆಲ್ಲ ಹೊರಬಿಟ್ಟು ಮುದುಡಿ, ಕಂದು ಎಳೆಗಳಂಥ ಕಸವನ್ನು ಉಗುಳಿ, ಮತ್ತೆ ಉಬ್ಬಿಕೊಳ್ಳುವುದು ಸಹಜ. ಬಾಯಿ ತೆರೆದೇ ಉಳಿದು, ಒಳಗಿನ ಬಿಳಿ ಎಳೆಗಳು ಹೊರಚಾಚಿ, ದುರ್ವಾಸನೆ ಬಂದರೆ ಮಾತ್ರ ತಡಮಾಡದೆ ಹೊರತೆಗೆಯಬೇಕು. ಮೊದಲ ವಾರ ಆಹಾರ ಬೇಡ. ಅನಂತರ ಉಗುರಿನಷ್ಟು ಸಿಗಡಿಯ ತುಣುಕು ವಾರಕ್ಕೊಮ್ಮೆ ಸಾಕು. ಕ್ಲೌನ್ ಮೀನು ಟ್ಯಾಂಕಿನಲ್ಲಿ ಮೊದಲೇ ಇದ್ದರೆ, ಇನ್ನೂ ನೆಲೆ ಕಾಣದ ಅನಿಮೋನ್‌ನೊಳಗೆ ಅದು ಬಲವಂತವಾಗಿ ನುಗ್ಗಿ ಉಜ್ಜಾಡುವುದನ್ನು ತಡೆಯಲು ಕೆಲವು ದಿನ ಜಾಲರಿಯ ಮರೆ ಇಡುವುದು ಒಳ್ಳೆಯದು.

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಟ್ಯಾಂಕೇ ಹೊಸದಾಗಿದ್ದರೆ ಪ್ರಯೋಜನವಿಲ್ಲ. ಅಮೋನಿಯವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಕೆಲವೇ ವಾರಗಳಲ್ಲಿ ನೆಲೆಯೂರುತ್ತವಾದರೂ, ನೀರಿನ ಏರಿಳಿತಗಳು ಶಮನವಾಗಲು ಆರು ತಿಂಗಳಿಂದ ಒಂದು ವರ್ಷ ಬೇಕೆಂಬುದು ಅನುಭವಿ ಸಾಕಣೆದಾರರ ಸಾಮಾನ್ಯ ಅಭಿಪ್ರಾಯ.

ಯಾವ ಅನಿಮೋನ್ ಅನ್ನು ತರಬೇಕೆಂಬ ಆಯ್ಕೆಯೂ ಅದು ಒಗ್ಗುವುದರ ಮೇಲೆ ಪ್ರಭಾವ ಬೀರುತ್ತದೆ. ಫಿಲಿಪೀನ್ಸ್‌ನ ಸೆಬು ಪ್ರದೇಶದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಕ್ವೇರಿಯಂ ವ್ಯಾಪಾರಕ್ಕಾಗಿ ಸಂಗ್ರಹ ನಡೆಯುವ ಕಡೆಗಳಲ್ಲಿ ಅನಿಮೋನ್‌ಗಳೂ ಕ್ಲೌನ್ ಮೀನುಗಳೂ ವಿರಳವಾಗಿರುವುದನ್ನು ದಾಖಲಿಸಿತು. ನಿಧಾನವಾಗಿ ಬೆಳೆದು ದೀರ್ಘಕಾಲ ಬದುಕುವ ಈ ಪ್ರಾಣಿಯನ್ನು ಕಿತ್ತ ಜಾಗ ಬೇಗ ತುಂಬಿಕೊಳ್ಳುವುದಿಲ್ಲ. ಬಬಲ್-ಟಿಪ್ ಮಾತ್ರ ಟ್ಯಾಂಕಿನಲ್ಲೇ ಬಾಯಿಯಿಂದ ಪಾದದವರೆಗೆ ಉದ್ದಕ್ಕೆ ಸೀಳಿಕೊಂಡು ಎರಡಾಗುತ್ತದೆ, ಕೆಲವು ದಿನಗಳಲ್ಲಿ ಎರಡೂ ಹೋಳುಗಳು ಗಾಯ ಮಾಯ್ದು ಪೂರ್ಣ ಪ್ರಾಣಿಗಳಾಗುತ್ತವೆ. ಹೀಗೆ ಇನ್ನೊಬ್ಬ ಸಾಕಣೆದಾರರ ಟ್ಯಾಂಕಿನಲ್ಲಿ ಹುಟ್ಟಿದ ತುಂಡು ಕೃತಕ ಉಪ್ಪಿನ ನೀರನ್ನೂ ಎಲ್‌ಇಡಿ ಬೆಳಕನ್ನೂ ಆಗಲೇ ಬಲ್ಲದು, ದೂರದ ಪ್ರಯಾಣದ ಬಳಲಿಕೆಯೂ ಅದಕ್ಕಿರುವುದಿಲ್ಲ. ಗಾಯ ಪೂರ್ತಿ ಮಾಯ್ದು, ಬಾಯಿ ಮತ್ತೆ ನಡುವಿಗೆ ಬಂದು ಮುಚ್ಚಿಕೊಂಡಿರುವುದನ್ನು ನೋಡಿ ಅಂಥದನ್ನೇ ತರಬೇಕು.