ಬಾಗಿಲಿಗೆ ಬರುವ ಪುಟ್ಟ ಭೂತಗಳು

ಅಮೆರಿಕೆಯಲ್ಲಿ ಮಗನೋ ಮಗಳೋ ನೆಲೆಸಿರುವ ಮನೆಗಳು ನಮ್ಮ ಸಂಘದಲ್ಲಿ ಈಗ ಒಂದೆರಡಲ್ಲ. ಹಿರಿಯರು ಅಲ್ಲಿಗೆ ಹೋಗಿ ಐದಾರು ತಿಂಗಳಿದ್ದು ಬರುವುದು ವಾಡಿಕೆಯೇ ಆಗಿದೆ. ಹಾಗೆ ಹೋದವರು ಅಕ್ಟೋಬರ್ 31ರ ಸಂಜೆ ಅಲ್ಲಿದ್ದರೆ ಅವರ ಪಾಲಿಗೆ ಒಂದು ಕೆಲಸ ತಪ್ಪದೆ ಬರುತ್ತದೆ. ಮಗ ಸೊಸೆ ಮೊಮ್ಮಗುವಿಗೆ ವೇಷ ಕಟ್ಟಿ ಬೀದಿ ಸುತ್ತಿಸಲು ಹೊರಡುತ್ತಾರೆ. ಮನೆಗೆ ಬರುವ ಊರ ಮಕ್ಕಳನ್ನು ಬರಮಾಡಿಕೊಳ್ಳಲು ಬಾಗಿಲಲ್ಲಿ ಕೂರುವವರು ಅಜ್ಜ ಅಜ್ಜಿ. ಹಬ್ಬದ ಹೆಸರು ಹಾಲೋವೀನ್. 2024ರಲ್ಲಿ ನ್ಯೂ ಜೆರ್ಸಿಯ ಮಗಳ ಮನೆಯಲ್ಲಿ ಈ ಕೆಲಸ ನಮ್ಮಿಬ್ಬರಿಗೂ ಒದಗಿತು. ಮುಂದೆ ಹೋಗಲಿರುವವರಿಗೆ ಉಪಯೋಗವಾದೀತೆಂದು ಕಂಡು ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಹಿಂದಿನ ಸಂಜೆ ಇದು. ಆದರೆ ಇದರ ಬೇರು ಇನ್ನೂ ಹಳೆಯದು. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಈ ಹೊತ್ತಿಗೆ ಐರ್ಲೆಂಡಿನ ಪ್ರಾಚೀನರು ಒಂದು ಹಬ್ಬ ಮಾಡುತ್ತಿದ್ದರು. ಅದರ ಹೆಸರು ಉಚ್ಚಾರದಲ್ಲಿ ಹೆಚ್ಚುಕಡಿಮೆ ‘ಸಾವಿನ್’. ಕನ್ನಡ ಕಿವಿಗೆ ತಕ್ಕ ಹೆಸರೇ ಸರಿ, ಏಕೆಂದರೆ ಆ ರಾತ್ರಿ ಸತ್ತವರು ಈ ಲೋಕಕ್ಕೆ ಬಂದು ಹೋಗುತ್ತಾರೆಂದು ಜನ ನಂಬಿದ್ದರು. ಮಹಾಲಯ ಅಮಾವಾಸ್ಯೆಗೆ ಎಡೆಯಿಡುವ ನಮಗೆ ಇದು ತೀರ ಹೊಸ ಮಾತಲ್ಲ. ಇಂಗ್ಲೆಂಡಿನಲ್ಲಿ ಬಡವರು ಮನೆಮನೆಗೆ ಹೋಗಿ, ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತೇವೆಂದು ಹೇಳಿ ಪುಟ್ಟ ರೊಟ್ಟಿಗಳನ್ನು ಪಡೆಯುತ್ತಿದ್ದರು. ಸ್ಕಾಟ್ಲೆಂಡಿನ ಮಕ್ಕಳು ವೇಷ ಹಾಕಿ, ಹಾಡೋ ಪದ್ಯವೋ ಒಪ್ಪಿಸಿ, ಹಣ್ಣುಹಂಪಲು ಗಿಟ್ಟಿಸುತ್ತಿದ್ದರು. 19ನೆಯ ಶತಮಾನದಲ್ಲಿ ಈ ಜನ ಗುಂಪುಗುಂಪಾಗಿ ಅಮೆರಿಕೆಗೆ ವಲಸೆ ಹೋದಾಗ ಹಬ್ಬವೂ ಗಂಟಿನೊಡನೆ ಹೋಯಿತು. ತಾಯ್ನಾಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ಒಳಗೆ ದೀಪವಿಡುತ್ತಿದ್ದವರಿಗೆ ಅಲ್ಲಿ ದಪ್ಪ ಕುಂಬಳಕಾಯಿ ಸಿಕ್ಕಿತು. ಊರು ಬಿಟ್ಟವರು ಹಬ್ಬವನ್ನು ಸಿಕ್ಕಿದ ಸಾಮಾನಿನಲ್ಲೇ ಹೊಂದಿಸಿಕೊಳ್ಳುವ ಬಗೆಯನ್ನು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕೆ?

20ನೆಯ ಶತಮಾನದ ಮೊದಲಲ್ಲಿ ಅದು ಪುಂಡಾಟಿಕೆಯ ರಾತ್ರಿಯಾಗಿತ್ತು. ಹುಡುಗರು ಬೇಲಿಯ ಗೇಟು ಕಿತ್ತೊಯ್ಯುವುದು, ಕಿಟಕಿ ಗಾಜಿಗೆ ಸೋಪು ಬಳಿಯುವುದು ಎಲ್ಲ ನಡೆಯುತ್ತಿತ್ತು. ಹೋಳಿಯ ಕಾಮದಹನಕ್ಕೆ ಕಟ್ಟಿಗೆ ಕುಳ್ಳು ಕದ್ದು ಬೆಳೆದ ಉತ್ತರ ಕರ್ನಾಟಕದ ಹಿರಿಯರು ಇದನ್ನು ಓದಿ ಮೀಸೆಯಲ್ಲೇ ನಗಬಹುದು. ಪುಂಡಾಟಿಕೆ ತಪ್ಪಿಸಲು ಮಿಠಾಯಿ ಕೊಡುವ ಪದ್ಧತಿ ಕ್ರಮೇಣ ಬಲಿಯಿತು. ‘ಟ್ರಿಕ್ ಆರ್ ಟ್ರೀಟ್’ ಎಂದು ಮಕ್ಕಳು ಕೂಗುವುದರ ಅರ್ಥ ಇಷ್ಟೇ: ತಿಂಡಿ ಕೊಡುತ್ತೀರೋ, ಕೀಟಲೆ ಮಾಡಲೋ? ಯುದ್ಧಕಾಲದ ಸಕ್ಕರೆ ರೇಷನ್ 1947ರಲ್ಲಿ ತೆಗೆದುಹೋದ ತರುವಾಯ ಇದು ದೇಶವೆಲ್ಲ ಹಬ್ಬಿತು. ಬೆದರಿಕೆಯ ಮಾತು ಬಾಯಲ್ಲಿ ಉಳಿದಿದೆ. ಈಗ ಕೀಟಲೆ ಮಾಡುವವರು ಅಪರೂಪ.

ದೀಪಾವಳಿಯ ರಾತ್ರಿ ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆಯವರು ಜ್ಯೋತಿ ಹಿಡಿದು ಹಾಡುತ್ತ ಮನೆಮನೆಗೆ ಬಂದಾಗ ಬಾಗಿಲು ಮುಚ್ಚುವವರು ಯಾರು? ಅವರ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ ಕಾಸು ಕೊಟ್ಟೇ ಕಳಿಸುತ್ತಾರೆ. ಇಲ್ಲಿಯೂ ಅದೇ ಭಾವನೆಯಿದ್ದರೆ ಸಾಕು.

ಆದರೂ ನಮ್ಮ ಮನೆಯಲ್ಲಿ ಆ ವರ್ಷ ಒಂದು ಚರ್ಚೆ ಎದ್ದಿತು. 2024ರಲ್ಲಿ ಅಕ್ಟೋಬರ್ 31ರಂದೇ ನರಕ ಚತುರ್ದಶಿ. ಬೆಳಿಗ್ಗೆ ಎಣ್ಣೆ ನೀರಾಗಿತ್ತು. ಮೊಮ್ಮಗಳು ಪ್ಲಾಸ್ಟಿಕ್ ಅಸ್ಥಿಪಂಜರವೊಂದನ್ನು ತಂದು ಸರಿಯಾಗಿ ಹೊಸ್ತಿಲ ಮುಂದೆ ಕೂರಿಸಿದಳು. ಹಬ್ಬದ ದಿನ ರಂಗೋಲಿಯ ಪಕ್ಕದಲ್ಲಿ ಎಲುಬಿನ ಗೂಡೇ! ಕೂಡದೆಂದು ಅಜ್ಜಿ; “ಇವತ್ತು ನರಕಾಸುರ ಸತ್ತ ದಿನ ಅಲ್ವಾ ಅಜ್ಜಿ, ಇದು ಅವನೇ” ಎಂದು ಮೊಮ್ಮಗಳು. ಈ ವಾದಕ್ಕೆ ಶಾಸ್ತ್ರದಲ್ಲಿ ಉತ್ತರ ಹುಡುಕುವ ಗೋಜಿಗೆ ನಾವು ಹೋಗಲಿಲ್ಲ. ನರಕಾಸುರ ಅಂಗಳದ ಮೇಪಲ್ ಮರದ ಬುಡಕ್ಕೆ ಹೋದ. ಹೊಸ್ತಿಲು ರಂಗೋಲಿಗೆ ಉಳಿಯಿತು. ಹಣತೆಗಳನ್ನು ಮಾತ್ರ ಕಿಟಕಿಯ ಒಳಗಡೆ ಸಾಲಾಗಿಟ್ಟೆವು. ಮಕ್ಕಳ ಜೋಲಾಡುವ ವೇಷದ ಬಟ್ಟೆ ಬೆಂಕಿಗೆ ತಾಗಬಾರದು ನೋಡಿ.

ಇನ್ನು ಕೊಡುವ ತಿಂಡಿಯ ವಿಚಾರ. ಮನೆಯಲ್ಲಿ ಮಾಡಿದ ಚಕ್ಕುಲಿ ರವೆ ಉಂಡೆಗಳನ್ನು ಕೊಡುವ ಆಸೆ ಎಲ್ಲ ಅಜ್ಜಿಯರಿಗೂ ಇರುತ್ತದೆ. ಕೊಡಬೇಡಿ. ಅಂಗಡಿಯ ಕಾಗದ ಸುತ್ತಿದ ಮಿಠಾಯಿಯನ್ನಲ್ಲದೆ ಬೇರೆ ಯಾವುದನ್ನೂ ತಂದೆತಾಯಿಗಳು ಮಕ್ಕಳಿಗೆ ತಿನ್ನಗೊಡುವುದಿಲ್ಲ. ಅಪರಿಚಿತರು ಮಿಠಾಯಿಯಲ್ಲಿ ವಿಷವಿಡುತ್ತಾರೆಂಬ ಹೆದರಿಕೆ ಅಲ್ಲಿ ಬೇರೂರಿದೆ. 1974ರಲ್ಲಿ ಟೆಕ್ಸಾಸಿನ ಹುಡುಗನೊಬ್ಬ ಹಾಲೋವೀನ್ ಮಿಠಾಯಿಯಲ್ಲಿದ್ದ ಸಯನೈಡಿನಿಂದ ಸತ್ತದ್ದು ನಿಜ. ಆದರೆ ವಿಷ ಬೆರೆಸಿದವನು ಅಪರಿಚಿತನಲ್ಲ, ವಿಮೆಯ ಹಣದಾಸೆಗೆ ಬಿದ್ದ ಸ್ವಂತ ತಂದೆ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದೀಚಿನ ಪತ್ರಿಕಾವರದಿಗಳನ್ನೆಲ್ಲ ಜಾಲಿಸಿದರು. ಬಾಗಿಲಿಗೆ ಬಂದ ಮಗುವನ್ನು ಅಪರಿಚಿತನೊಬ್ಬ ಮಿಠಾಯಿಯ ವಿಷದಿಂದ ಕೊಂದ ಖಚಿತ ನಿದರ್ಶನ ಒಂದೂ ಅವರಿಗೆ ಸಿಗಲಿಲ್ಲ. ಹೆದರಬೇಕಾದದ್ದು ಮೋಟಾರಿಗೆ. 1975ರಿಂದ 2016ರವರೆಗಿನ ಲೆಕ್ಕ ಹಾಕಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಅಪಾಯ ಆ ಸಂಜೆ ಶೇಕಡ 43ರಷ್ಟು ಹೆಚ್ಚು. ಮೊಮ್ಮಕ್ಕಳ ಕಪ್ಪು ವೇಷಕ್ಕೆ ಹೊಳೆಯುವ ಪಟ್ಟಿ ಅಂಟಿಸಿ, ಕೈಗೊಂದು ಟಾರ್ಚು ಕೊಡಿ.

ಕಡಲೆಕಾಯಿ, ಹಾಲು ಮೈಗೊಗ್ಗದ ಮಕ್ಕಳು ಅಲ್ಲಿ ಬಹಳ. ಅವರಿಗಾಗಿ ಪೆನ್ಸಿಲು, ಪುಟ್ಟ ಆಟಿಕೆ ಇಟ್ಟಿರುವ ಮನೆಯವರು ನೀಲಿಹಸಿರು ಬಣ್ಣ ಬಳಿದ ಕುಂಬಳಕಾಯಿಯನ್ನು ಬಾಗಿಲ ಮುಂದಿಡುತ್ತಾರೆ. 2012ರಲ್ಲಿ ಟೆನೆಸಿಯ ತಾಯಿಯೊಬ್ಬರು ಆರಂಭಿಸಿದ ಈ ಪದ್ಧತಿ ನಮಗೆ ಬಹಳ ಹಿಡಿಸಿತು. ನಮ್ಮ ಬಾಗಿಲಲ್ಲೂ ಒಂದಿತ್ತು.

ಹೊರಬಾಗಿಲ ದೀಪ ಉರಿಯುತ್ತಿದ್ದರೆ ‘ಬನ್ನಿ’ ಎಂದರ್ಥ. ಆರಿಸಿದ್ದರೆ ಯಾರೂ ಹತ್ತಿರ ಸುಳಿಯುವುದಿಲ್ಲ. ಹೇಳದಿದ್ದರೂ ಎಲ್ಲರೂ ಪಾಲಿಸುವ ಕಟ್ಟಳೆ ಇದು. ಮೊಮ್ಮಕ್ಕಳಿಗೂ ಇದನ್ನು ಒತ್ತಿ ಹೇಳಬೇಕು. 1992ರ ಅಕ್ಟೋಬರಿನಲ್ಲಿ ಬ್ಯಾಟನ್ ರೂಜ್ ಪಟ್ಟಣದಲ್ಲಿ 16 ವರ್ಷದ ಜಪಾನಿ ವಿದ್ಯಾರ್ಥಿಯೊಬ್ಬ ಹಾಲೋವೀನ್ ಕೂಟಕ್ಕೆಂದು ಹೊರಟು ವಿಳಾಸ ತಪ್ಪಿ ಬೇರೆ ಮನೆಯ ಬಾಗಿಲಿಗೆ ಹೋದ. ಮನೆಯಾತ ಅಪಾಯವೆಂದು ಬಗೆದು ಗುಂಡು ಹಾರಿಸಿದ, ಹುಡುಗ ಉಳಿಯಲಿಲ್ಲ. ಮನೆಮನೆಯಲ್ಲಿ ಕೋವಿ ಇರಬಹುದಾದ ದೇಶದಲ್ಲಿ, ಗುರುತಿಲ್ಲದವರ ಮಕ್ಕಳಿಗಾಗಿ ಊರಿಗೆ ಊರೇ ಬಾಗಿಲು ತೆರೆದಿಡುವುದನ್ನು ಕಂಡಾಗ ಆ ಜಗಲಿ ದೀಪ ಸಣ್ಣದೆನಿಸಲಿಲ್ಲ.

ಆರು ಗಂಟೆಗೆ ಸೂರ್ಯ ಮುಳುಗುವ ಹೊತ್ತಿಗೆ ಶುರುವಾಯಿತು. ಮೊದಲು ಎಳೆಯ ಮಕ್ಕಳು. ಹುಲಿಯ ಬಾಲ ಕಾಲಿಗೆ ತೊಡರಿ ಮುಗ್ಗರಿಸಿದ ಒಂದು, ಮಾತೇ ಹೊರಡದೆ ಚೀಲ ಮಾತ್ರ ಅಗಲಿಸಿ ನಿಂತ ಇನ್ನೊಂದು. “ಏನು ವೇಷ ಮಗೂ?” ಎಂದು ಕೇಳಿ, ಹೆದರಿದಂತೆ ನಟಿಸಿ, ಒಂದೆರಡು ಮಿಠಾಯಿ ಚೀಲಕ್ಕೆ ಹಾಕಿದರೆ ಮುಗಿಯಿತು. ಇಂಗ್ಲಿಷು ಸಾಲದೆಂಬ ಅಳುಕು ಬೇಡ. ಹೆದರುವುದಕ್ಕೆ ಭಾಷೆ ಬೇಕಿಲ್ಲ. ಏಳೂವರೆಯ ಮೇಲೆ ಮೀಸೆ ಮೊಳೆತ ಹುಡುಗರು ವೇಷವಿಲ್ಲದೆ ಬಂದರು. ಇವರಿಗೆ ಕೊಡಬಾರದೆನ್ನುವವರೂ ಉಂಟು. ನಾವು ಕೊಟ್ಟೆವು. ಮಕ್ಕಳಾಟ ಬಿಡಲು ಮನಸ್ಸಿಲ್ಲದೆ ಬಂದವರನ್ನು ಅಟ್ಟಲು ನಮಗೇಕೋ ಮನಸ್ಸು ಬರಲಿಲ್ಲ.

ಎಂಟೂವರೆಗೆ ಬುಟ್ಟಿ ಬರಿದಾಯಿತು. ಕಟ್ಟಳೆಯಂತೆ ಜಗಲಿ ದೀಪ ಆರಿಸಿದೆವು. ಆದರೆ ಹಬ್ಬದ ರಾತ್ರಿ ಹಣತೆಗಳನ್ನೂ ದೊಡ್ಡದು ಮಾಡಲು ಅಜ್ಜಿ ಒಪ್ಪಲಿಲ್ಲ. ಕಿಟಕಿಯ ಆ ಬೆಳಕನ್ನು ಕಂಡು ಮತ್ತಿಬ್ಬರು ಪುಟ್ಟ ದೆವ್ವಗಳು ಬಾಗಿಲು ತಟ್ಟಿದುವು. ಆಗತಾನೆ ಸುತ್ತಾಟ ಮುಗಿಸಿ ಬಂದಿದ್ದ ಮೊಮ್ಮಗಳು ತನ್ನ ಚೀಲವನ್ನು ನೆಲಕ್ಕೆ ಸುರಿದು, ತನಗೆ ಸೇರದ ಮಿಠಾಯಿಗಳನ್ನೆಲ್ಲ ಒಂದೊಂದಾಗಿ ಆರಿಸಿ, ಬಹಳ ಉದಾರಿಯಂತೆ ಅವರಿಗೆ ಕೊಟ್ಟು ಕಳಿಸಿದಳು.