ಉಸಿರನ್ನು ನೋಡುವ ವಿದ್ಯೆ

ನೇಸರಗಿಯ ವಿದ್ಯಾರ್ಥಿಗಳೇ, ಬೌದ್ಧಧರ್ಮವು ನಮ್ಮ ಸೀಮೆಗೆ ಹೊಸದಲ್ಲ. ಗದಗಿಗೆ ಸಮೀಪದ ಡಂಬಳದಲ್ಲಿ ಹದಿನಾರು ಮಂದಿ ಶೆಟ್ಟಿಗಳು ವಿಹಾರವನ್ನು ಕಟ್ಟಿಸಿದ್ದರೆಂದು 1095ರ ಶಾಸನವು ತಿಳಿಸುತ್ತದೆ.

ಬುದ್ಧನ ಬೋಧೆಯಲ್ಲಿ ನಾವೇ ಪ್ರಯೋಗಿಸಿ ನೋಡಬಹುದಾದ ಭಾಗವೊಂದಿದೆ: ಆನಾಪಾನಸ್ಮೃತಿ. ಬರುವ, ಹೋಗುವ ಉಸಿರನ್ನು ಬಿಗಿಹಿಡಿಯದೆ ಗಮನಿಸುವುದು, ಅಷ್ಟೆ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನೋಡಿರಿ. ಉಸಿರೆಳೆದಾಗ ನಾಡಿಯು ತುಸು ತ್ವರೆಗೊಳ್ಳುವುದು, ಬಿಟ್ಟಾಗ ನಿಧಾನಿಸುವುದು. ವೇಗಸ್ ಎಂಬ ನರವು ಹೃದಯಕ್ಕೆ ಹಾಕುವ ಕಡಿವಾಣವು ಉಸಿರು ಬಿಡುವಾಗ ಬಿಗಿಯಾಗುವುದೇ ಇದಕ್ಕೆ ಮುಖ್ಯ ಕಾರಣ. ಎಳೆಯರಲ್ಲಿ ಇದು ಹೆಚ್ಚು ಸ್ಪಷ್ಟ.

ಆದರೆ ಧ್ಯಾನದ ಗುರಿ ನಾಡಿಯಲ್ಲ. ಹತ್ತು ಉಸಿರನ್ನು ಎಣಿಸುವಷ್ಟರಲ್ಲಿ ಮನಸ್ಸು ಪರೀಕ್ಷೆಯ ಫಲಿತಾಂಶದತ್ತ ಓಡಿರುತ್ತದೆ. (ನನ್ನದು ನಾಲ್ಕನೆಯದಕ್ಕೇ ಓಡುತ್ತದೆ!) ಓಡಿತೆಂಬುದನ್ನು ಕಂಡು, ತನ್ನನ್ನು ಬೈದುಕೊಳ್ಳದೆ ಉಸಿರಿಗೆ ಮರಳುವುದೇ ಅಭ್ಯಾಸ. ಹೀಗೆ ಮರಳಿ ಮರಳಿ ನೋಡುತ್ತಿರಲು, ಫಲಿತಾಂಶದ ಭಯವೂ ಉಸಿರಿನಂತೆಯೇ ಏರಿ ಇಳಿಯುವುದು ಗೋಚರಿಸಬಹುದು. ಬೌದ್ಧರು ಇದನ್ನೇ ಅನಿತ್ಯತೆಯೆಂದು ಕರೆದರು.